ಬೆಚ್ಚಿಬೀಳೋದು ಬೇರೆ, ಹೆದರೋದು ಬೇರೆ

ಹಾರರ್ ಸಿನಿಮಾ ಚೆನ್ನಾಗಿದೆಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ನನ್ನ ಹತ್ತಿರ ಒಂದು ಸುಲಭದ ಪರೀಕ್ಷೆ ಇದೆ. ಥಿಯೇಟರಿನಲ್ಲಿ ಎಷ್ಟು ಸಲ ಕಿರುಚಿದಿರಿ ಅನ್ನೋದು ಲೆಕ್ಕಕ್ಕಿಲ್ಲ. ರಾತ್ರಿ ಮನೆಗೆ ಬಂದು, ಹಾಲ್‌ನ ಲೈಟ್ ಆರಿಸಿ, ಬೆಡ್‌ರೂಮಿನವರೆಗಿನ ಆ ಎಂಟು ಹೆಜ್ಜೆಯನ್ನ ಹೇಗೆ ನಡೆದಿರಿ ಅನ್ನೋದಷ್ಟೇ ಲೆಕ್ಕ. ದಿನದ ಹಾಗೇ ನಡೆದಿದ್ದರೆ ಆ ಸಿನಿಮಾ ನಿಮ್ಮನ್ನು ಬೆಚ್ಚಿಬೀಳಿಸಿದೆ, ಹೆದರಿಸಿಲ್ಲ.

ಎರಡೂ ಬೇರೆ ಬೇರೆ. ಬೆಚ್ಚಿಬೀಳೋದು ಮೈಯ ಕೆಲಸ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ, ಸಿಗ್ನಲ್‌ನಲ್ಲಿ ಬೆನ್ನ ಹಿಂದೆಯೇ ಬಸ್ಸಿನವನು ಹಾರ್ನ್ ಒತ್ತಿದರೂ ಎದೆ ಧಸಕ್ಕೆನ್ನುತ್ತೆ. ಹಾಗಂತ ಕುಕ್ಕರ್ ಕಂಡರೆ ಭಯ ಅಂತ ಯಾರೂ ಹೇಳಲ್ಲ. ಶುಕ್ರವಾರ ರಾತ್ರಿ ಆಫೀಸಿನ ಗುಂಪು ಕಟ್ಟಿಕೊಂಡು ಮಲ್ಟಿಪ್ಲೆಕ್ಸಿಗೆ ಹೋಗಿ ನೋಡಿ. ಕನ್ನಡಿಯಲ್ಲಿ ಢಮಾರ್ ಅಂತ ಒಂದು ಮುಖ ಕಾಣಿಸುತ್ತೆ, ಇಡೀ ಸಾಲು ಕಿರುಚುತ್ತೆ, ಮರುಕ್ಷಣವೇ ನಗುತ್ತೆ. ಅದೇ ದೃಶ್ಯವನ್ನ ಮನೆಯಲ್ಲಿ ಮ್ಯೂಟ್ ಮಾಡಿ ನೋಡಿದರೆ ಪೌಡರ್ ಜಾಸ್ತಿಯಾದ ಒಬ್ಬ ಹೆಂಗಸು ಅಷ್ಟೇ. ನಮ್ಮನ್ನ ಕಿರುಚಿಸಿದ್ದು ಸ್ಪೀಕರ್.

ಈ ಟ್ರಿಕ್‌ಗೂ ಒಂದು ಮರ್ಯಾದಸ್ಥ ಕಾಲ ಇತ್ತು ಅನ್ನಿ. 1942ರ 'ಕ್ಯಾಟ್ ಪೀಪಲ್' ಸಿನಿಮಾದಲ್ಲಿ ಒಬ್ಬಳು ಹೆಂಗಸು ರಾತ್ರಿ ಪಾರ್ಕಿನ ಪಕ್ಕದ ಫುಟ್‌ಪಾತ್‌ನಲ್ಲಿ ಒಬ್ಬಳೇ ನಡೀತಾ ಇರ್ತಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತೇ ಹೋಗುತ್ತೆ. ಇವಳು ನಡಿಗೆ ಜೋರು ಮಾಡ್ತಾಳೆ, ತಿರುಗಿ ನೋಡ್ತಾಳೆ, ಯಾರೂ ಇಲ್ಲ. ಇನ್ನೇನು ಯಾವುದೋ ಪ್ರಾಣಿ ಮೈಮೇಲೆ ಎರಗಿತು ಅನ್ನುವಾಗ ಬುಸ್ ಅಂತ ಒಂದು ಸದ್ದು. ನೋಡಿದರೆ ಸಿಟಿ ಬಸ್ಸು ಬಂದು ನಿಂತಿರುತ್ತೆ, ಅದರ ಬ್ರೇಕಿನ ಸದ್ದು! ನಿರ್ಮಾಪಕ ವಾಲ್ ಲ್ಯೂಟನ್ ಹೆಸರಲ್ಲಿ ಸಿನಿಮಾದವರು ಈ ತಂತ್ರಕ್ಕೆ ಇವತ್ತಿಗೂ 'ಲ್ಯೂಟನ್ ಬಸ್' ಅಂತಲೇ ಕರೀತಾರೆ. ಅಲ್ಲಿ ಹೆದರಿಸೋದು ಬಸ್ಸಲ್ಲ, ಅದಕ್ಕೂ ಮುಂಚಿನ ನಿಶ್ಶಬ್ದ. ಆಮೇಲೆ ಬಂದವರಲ್ಲಿ ಎಷ್ಟೋ ಜನ ಬಸ್ಸನ್ನ ಇಟ್ಟುಕೊಂಡು ಫುಟ್‌ಪಾತನ್ನ ಬಿಟ್ಟುಬಿಟ್ಟರು.

ಎರಡನೇ ಸಮಸ್ಯೆ, ತೋರಿಸೋ ಚಟ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ರಾಮ್ಸೆ ಸಹೋದರರ 'ಝೀ ಹಾರರ್ ಶೋ' ನೆನಪಿರಬೇಕು. ಅದರ ಟೈಟಲ್ ಮ್ಯೂಸಿಕ್‌ಗೆ ನಾವು ಕಂಬಳಿಯೊಳಗೆ ಸೇರ್ತಿದ್ವಿ. ದೆವ್ವ ಬಂದ ಮೇಲೆ ಧೈರ್ಯವಾಗಿ ಹೊರಗೆ ಬಂದು, ಅದರ ಮುಖದ ರಬ್ಬರ್ ಎಲ್ಲಿ ಅಂಟಿಸಿದಾರೆ ಅಂತ ಹುಡುಕ್ತಿದ್ವಿ. ಕಾಣಿಸಿದ ದೆವ್ವಕ್ಕೆ ಒಂದು ಅಳತೆ ಬಂದುಬಿಡುತ್ತೆ. 1975ರ 'ಜಾಸ್' ಮಾಡುವಾಗ ಸ್ಪೀಲ್‌ಬರ್ಗ್‌ನ ಯಾಂತ್ರಿಕ ಶಾರ್ಕ್ ಉಪ್ಪುನೀರಲ್ಲಿ ಪದೇಪದೇ ಕೆಟ್ಟು ನಿಲ್ತಿತ್ತು. ವಿಧಿಯಿಲ್ಲದೆ ಶಾರ್ಕಿನ ಬದಲು ಎರಡು ಸ್ವರದ ಸಂಗೀತ, ನೀರಿನ ಮೇಲೆ ತೇಲುವ ಹಳದಿ ಪೀಪಾಯಿ ತೋರಿಸಿದರು. ಆ ಮೆಷೀನ್ ಸರಿಯಾಗಿ ಕೆಲಸ ಮಾಡಿದ್ದಿದ್ದರೆ ಜನ ಸಮುದ್ರಕ್ಕೆ ಅಷ್ಟು ಹೆದರ್ತಿದ್ರಾ, ನನಗಂತೂ ಅನುಮಾನ.

ಹಾಗಾದರೆ ಮನೆಯವರೆಗೂ ಹಿಂಬಾಲಿಸಿಕೊಂಡು ಬರೋ ಹೆದರಿಕೆ ಯಾವುದು? ನನ್ನ ಪ್ರಕಾರ, ನಮಗೆ ಚೆನ್ನಾಗಿ ಗೊತ್ತಿರೋ ಜಾಗ, ಗೊತ್ತಿರೋ ಮುಖ, ಗೊತ್ತಿರೋ ದನಿ ಸ್ವಲ್ಪವೇ ಸ್ವಲ್ಪ ಗುರುತು ತಪ್ಪಿದಾಗ ಹುಟ್ಟೋದು. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ರಲ್ಲ, ಆ ಕತೆಯನ್ನೇ ತಗೊಳ್ಳಿ. ದೆವ್ವ ಬಾಗಿಲು ಒಡೆದುಕೊಂಡು ಬರಲ್ಲ. ನಿಮ್ಮ ಮನೆಯವರದ್ದೇ ದನಿಯಲ್ಲಿ ಕರೆಯುತ್ತೆ. ಆ ಕತೆ ಕಟ್ಟಿದವರು ಯಾರೋ, ಯಾವ ಡೈರೆಕ್ಟರಿಗೂ ಕಮ್ಮಿಯಿಲ್ಲ. ಒಂದು ರೂಪಾಯಿ ಖರ್ಚಿಲ್ಲದೆ ಅಮ್ಮ ಕರೆದರೂ ಬಾಗಿಲು ತೆಗೆಯೋಕೆ ಕೈ ನಡುಗೋ ಹಾಗೆ ಮಾಡಿದರು.

ಜಾಗದ ವಿಷಯಕ್ಕೆ ಬಂದರೆ, ರಾಮ್ ಗೋಪಾಲ್ ವರ್ಮಾ 2003ರ 'ಭೂತ್'ನಲ್ಲಿ ಹಾಡು ಬಿಟ್ಟರು, ಹಾಳು ಬಂಗಲೆ ಬಿಟ್ಟರು. ಮುಂಬೈನ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲಾಟು, ಲಿಫ್ಟು, ವಾಚ್‌ಮನ್ನು. ಹಿಂದೆ ಅಲ್ಲಿದ್ದ ಹೆಂಗಸು ಬಾಲ್ಕನಿಯಿಂದ ಬಿದ್ದು ಸತ್ತಿದ್ದು ಗಂಡನಿಗೆ ಗೊತ್ತು, ಹೆಂಡತಿಗೆ ಹೇಳಲ್ಲ. ಬಾಡಿಗೆ ಮನೆ ಹುಡುಕಿ ಅಲೆದ ಯಾರಿಗಾದರೂ ಇದು ಎಲ್ಲಿ ಚುಚ್ಚುತ್ತೆ ಅಂತ ಗೊತ್ತು. ನಮ್ಮ ಪವನ್ ಕುಮಾರ್ 2016ರಲ್ಲಿ 'ಯು ಟರ್ನ್' ಮಾಡಿದಾಗ ದೆವ್ವಕ್ಕೆ ಕೊಟ್ಟ ಜಾಗ ಒಂದು ಫ್ಲೈಓವರ್. ಡಿವೈಡರಿನ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಂಡು, ಕಲ್ಲನ್ನ ಅಲ್ಲೇ ಬಿಟ್ಟು ಹೋಗೋರ ಕತೆ. ಅಂಥ ಕಲ್ಲು ನಾವು ದಿನಾ ನೋಡ್ತೀವಿ. ಹಾಗಾಗಿ ಆ ಸಿನಿಮಾ ಮಾರನೇ ದಿನದ ಟ್ರಾಫಿಕ್ಕಿನಲ್ಲೂ ಮುಂದುವರೀತಿತ್ತು.

ಮುಖದ ವಿಷಯಕ್ಕೆ 'ಆಪ್ತಮಿತ್ರ'ಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಮಲಯಾಳಂನ 'ಮಣಿಚಿತ್ರತ್ತಾಳ್'ನಿಂದ ಬಂದ ಕತೆ ಅದು. ನಮ್ಮವರು ಅದಕ್ಕೊಂದು ಭಾರೀ ಹಾವನ್ನ ಬೇರೆ ಸೇರಿಸಿದರು. ಆ ಹಾವಿಗೆ ಯಾರೂ ಹೆದರಲಿಲ್ಲ. ಹೆದರಿದ್ದು ಬೆಡ್‌ರೂಮಿನಲ್ಲಿ ಗಂಡ 'ಬೇಡ' ಅಂದಾಗ ಗಂಗಾಳ ಕಣ್ಣು ಬದಲಾಗುತ್ತಲ್ಲ, ಅಲ್ಲಿ. ದೆವ್ವದ ಮೇಕಪ್ ಇಲ್ಲ. ಅದೇ ಸೀರೆ, ಅದೇ ಸೌಂದರ್ಯ. ಅವರು 2004ರ ಏಪ್ರಿಲ್‌ನಲ್ಲಿ ಜಕ್ಕೂರಿನ ಹತ್ತಿರ ವಿಮಾನ ಬಿದ್ದು ತೀರಿಕೊಂಡಿದ್ದರು, ಸಿನಿಮಾ ಬಂದಿದ್ದು ಆಗಸ್ಟಿನಲ್ಲಿ. ಈಗಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದ ಹೆಣ್ಣುಮಗಳೊಬ್ಬಳು ಪರದೆ ಮೇಲೆ 'ನಾನು ಗಂಗಾ ಅಲ್ಲ' ಅನ್ನೋ ಹಾಗೆ ನೋಡ್ತಿದ್ದರೆ ಥಿಯೇಟರಿಗೆ ಥಿಯೇಟರೇ ಉಸಿರು ಹಿಡಿದಿತ್ತು.

ಆ ದೃಶ್ಯ ನನಗೆ ಇನ್ನೊಂದು ಕಾರಣಕ್ಕೂ ತಾಗುತ್ತೆ. ನನಗೆ ಎಂಟು ವರ್ಷ ಇದ್ದಾಗ ನಮ್ಮ ಚಿಕ್ಕಮ್ಮ ಹೆರಿಗೆಗೆ ಅಂತ ಅಜ್ಜಿ ಮನೆಗೆ ಬಂದಿದ್ದರು. ಮಗು ಹುಟ್ಟಿ ವಾರ ಆಗಿರಲಿಲ್ಲ, ನಿದ್ದೆ ಬಿಟ್ಟರು. ರಾತ್ರಿಯೆಲ್ಲ ಮಾತು. ದನಿಯೇ ಬದಲಾಯ್ತು. ಹೆತ್ತ ತಾಯಿಯನ್ನೇ ನೋಡಿ 'ನೀನ್ಯಾರು, ಮಗೂನ ಎತ್ಕೊಂಡು ಹೋಗೋಕ್ ಬಂದಿದೀಯಾ' ಅಂದರು. ಊರಲ್ಲಿ ಬಾಣಂತಿ ಸನ್ನಿ ಅಂತ ಕೆಲವರು, ಗಾಳಿ ಸೋಕಿದೆ ಅಂತ ಕೆಲವರು. ಮೊದಲು ಗೆದ್ದಿದ್ದು ಗಾಳಿಯವರು. ಯಾರೋ ಒಬ್ಬ ಬಂದ. ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ, ನಾವೆಲ್ಲ ಬಾಗಿಲ ಹತ್ತಿರ ಗುಂಪು. ಕೆಮ್ಮು ತಡೆಯೋಕಾಗದೆ ನಾನು ಅಮ್ಮನ ಸೆರಗು ಮೂಗಿಗೆ ಹಿಡಿದುಕೊಂಡಿದ್ದೆ. ಒಳಗೆ ಇದ್ದವರಿಗೆ ಆ ಸೆರಗೂ ಇರಲಿಲ್ಲ. ಕೊನೆಗೆ ಮಾವ ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಬಂದು ಡಾಕ್ಟರಿಗೆ ತೋರಿಸಿದರು. ಮಾತ್ರೆ, ನಿದ್ದೆ, ಕೆಲವು ತಿಂಗಳು. ಚಿಕ್ಕಮ್ಮ ಮೊದಲಿನ ಹಾಗೇ ಆದರು. ಆ ಮಗು ಈಗ ವೈಟ್‌ಫೀಲ್ಡಿನಲ್ಲಿ ಕೋಡ್ ಬರೀತಾನೆ.

ಎಷ್ಟೋ ವರ್ಷ ಆದ ಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ಟಿವಿ ಹಾಕಿದ್ವಿ. 'ಆಪ್ತಮಿತ್ರ' ಬರ್ತಿತ್ತು. ಮಂಚ ಎತ್ತೋ ದೃಶ್ಯ ಹತ್ತಿರ ಬಂದ ಹಾಗೆ ಅಮ್ಮ ಮೆಲ್ಲಗೆ ರಿಮೋಟ್ ಹುಡುಕಿದರು. 'ಇರ್ಲಿ ಬಿಡಕ್ಕಾ' ಅಂದರು ಚಿಕ್ಕಮ್ಮ. ಹುರುಳಿಕಾಯಿ ನಾರು ತೆಗೀತಾ ಪೂರ್ತಿ ಸಿನಿಮಾ ನೋಡಿದರು. ಮುಗಿದ ಮೇಲೆ ಹೇಳಿದ್ದು ಇಷ್ಟೇ. 'ಅವಳಿಗೆ ಡಾಕ್ಟ್ರು ಮನೇಲೇ ಇದ್ರು ಕಣೇ. ಪುಣ್ಯವಂತೆ.'

ಅವತ್ತು ನಾನು ಕೇಳಿಯೇಬಿಟ್ಟೆ. 'ಚಿಕ್ಕಮ್ಮ, ಆಗ ನಿಮಗೆ ಏನು ಕಾಣಿಸ್ತಿತ್ತು?'

'ದೆವ್ವ ಗಿವ್ವ ಏನೂ ಕಾಣ್ಲಿಲ್ಲ. ನೀವೇ ಕಾಣ್ತಿದ್ರಿ. ಅಮ್ಮನ ಮುಖ ಅಮ್ಮನ ಥರಾನೇ ಇತ್ತು, ಆದ್ರೆ ಅಮ್ಮ ಅಲ್ಲ ಅನ್ನಿಸ್ತಿತ್ತು. ನೀವೆಲ್ಲ ಬಾಗ್ಲಲ್ಲಿ ನಿಂತ್ಕೊಂಡು ನನ್ನೇ ನೋಡ್ತಿದ್ರಲ್ಲ, ಅಬ್ಬಾ. ಈಗ್ಲೂ ನೆನೆಸ್ಕೊಂಡ್ರೆ ಅದೇ ಭಯ.'

ನಾವು ಅವರನ್ನ ನೋಡಿ ಹೆದರಿದ್ವಿ. ಅವರು ನಮ್ಮನ್ನ ನೋಡಿ ಹೆದರಿದ್ದರು. ಗುರುತು ತಪ್ಪಿದ್ದು ಎರಡೂ ಕಡೆ. ಮೈಮೇಲೆ ಬರೋ ಸಿನಿಮಾಗಳು ನನಗೆ ಯಾಕೆ ಅರ್ಧಕ್ಕೇ ಸಪ್ಪೆ ಅನ್ನಿಸುತ್ತವೆ ಅಂತ ಆಮೇಲೆ ಗೊತ್ತಾಯ್ತು. ಅವುಗಳ ಕ್ಯಾಮೆರಾ ಹೆಚ್ಚಾಗಿ ಬಾಗಿಲ ಹತ್ತಿರ, ನಮ್ಮ ಗುಂಪಿನ ಜೊತೆಯಲ್ಲೇ ನಿಂತಿರುತ್ತೆ. ಮಂಚದ ಮೇಲಿರೋಳ ಪಕ್ಕ ಕೂರಲ್ಲ. ಕೂತ ಸಿನಿಮಾಗಳೂ ಇವೆ. 2014ರ ಆಸ್ಟ್ರೇಲಿಯಾದ 'ದಿ ಬಾಬಾಡೂಕ್' ನೋಡಿ. ಗಂಡ ಸತ್ತವಳು, ನಿದ್ದೆ ಇಲ್ಲ, ರಂಪ ಮಾಡೋ ಮಗ. ಮಗನಿಗೇ ತಾನೇನು ಮಾಡಿಬಿಡ್ತೀನೋ ಅನ್ನೋ ಹೆದರಿಕೆ ದೆವ್ವಕ್ಕಿಂತ ದೊಡ್ಡದು. ಕೊನೆಗೂ ಆ ಭೂತ ಸಾಯಲ್ಲ. ನೆಲಮಾಳಿಗೆಯಲ್ಲಿ ಇಟ್ಟುಕೊಂಡು, ಎರೆಹುಳು ಹಾಕಿ ಸಾಕ್ತಾಳೆ. ಆ ಸಿನಿಮಾ ನೋಡಿದ ರಾತ್ರಿ ನಾನು ಹಾಲ್‌ನ ಲೈಟ್ ಆರಿಸಲೇ ಇಲ್ಲ.

ಚಿಕ್ಕಮ್ಮನಿಗೆ ಆ ಕತೆ ಹೇಳಿದೆ. ಎರೆಹುಳು ಹಾಕಿ ಸಾಕೋ ಭಾಗ ಅವರಿಗೆ ತುಂಬ ಇಷ್ಟವಾಯ್ತು. 'ಹಂಗೇ ಇರುತ್ತೆ ಕಣೇ, ಪೂರ್ತಿ ಹೋಗಲ್ಲ' ಅಂದರು. ಬಾಣಂತಿ ಕೋಣೆಯ ಒಳಗಿನಿಂದ ಹೇಳಿದ ಒಂದು ಕನ್ನಡ ಹಾರರ್ ಸಿನಿಮಾವನ್ನ ಯಾರಾದರೂ ಮಾಡಲಿ ಅಂತ ನನ್ನ ಆಸೆ. ಬಂದರೆ ಫಸ್ಟ್ ಶೋಗೇ ಬರ್ತೀನಿ ಅಂದಿದಾರೆ ಅವರು. ಪಾಪ್‌ಕಾರ್ನ್ ದುಡ್ಡು ಮಾತ್ರ ನಂದಂತೆ.