ಹೊರದಾರಿ ಇಲ್ಲದ ಕಬ್ಬಿಣ

ಡೊಂಬಿವಲಿಯ ಆ ಪುಟ್ಟ ಫ್ಲಾಟಿನಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಪದ ಫೆರಿಟಿನ್. ರಕ್ತದಲ್ಲಿ ಅದರ ಅಂಕಿ ನೋಡಿ, ದೇಹದಲ್ಲಿ ಎಷ್ಟು ಕಬ್ಬಿಣ ಕೂತಿದೆ ಎಂದು ಡಾಕ್ಟರು ಅಂದಾಜು ಮಾಡುತ್ತಾರೆ. ಅಂಕಿ ಇಳಿದರೆ ಆ ಭಾನುವಾರ ಕೇಸರಿಬಾತ್. ಏರಿದರೆ ಟಿವಿ ಕೂಡ ಮೆಲ್ಲಗೆ ಮಾತಾಡುತ್ತದೆ. ಮನೆಯ ಕಿರಿಯವನಿಗೆ ಹದಿಮೂರು ವರ್ಷ, ಥಲಸ್ಸೀಮಿಯಾ ಮೇಜರ್. ಇನ್ನೂ ಒಂದು ವರ್ಷ ತುಂಬುವ ಮೊದಲೇ ಶುರುವಾದದ್ದು, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುವುದು ಇವತ್ತಿಗೂ ನಿಂತಿಲ್ಲ.

ಅವನ ಅಕ್ಕ ಬಿಎಸ್ಸಿ ಮೊದಲ ವರ್ಷದಲ್ಲಿದ್ದಾಳೆ. ಒಂದು ಮೂಲವಸ್ತುವನ್ನು ಆರಿಸಿಕೊಂಡು ಇಪ್ಪತ್ತು ಪುಟದ ಪ್ರಾಜೆಕ್ಟ್ ಮಾಡಿ ಎಂದು ಕಾಲೇಜಿನಲ್ಲಿ ಹೇಳಿದಾಗ ಗೆಳತಿಯರು ಚಿನ್ನ, ಲಿಥಿಯಂ, ಯುರೇನಿಯಂ ಎಂದರು. ಅವಳು ಕಬ್ಬಿಣ ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೊದಲ ಅಧ್ಯಾಯಕ್ಕಾಗಿ ಲೋಕಲ್ ಹಿಡಿದು ವರಳಿಯ ನೆಹರೂ ತಾರಾಲಯಕ್ಕೆ ಹೋದಳು. ಅಲ್ಲಿಂದ ಬಂದ ಮೇಲೆ ಪುಸ್ತಕಗಳಲ್ಲಿ ಹುಡುಕಿದಳು. ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರಗಳು ಹೈಡ್ರೋಜನ್ನಿಂದ ಹೀಲಿಯಂ, ಆಮೇಲೆ ಕಾರ್ಬನ್, ಆಕ್ಸಿಜನ್, ಸಿಲಿಕಾನ್ ಎಂದು ಒಂದೊಂದೇ ಹಂತ ಬೆಸೆಯುತ್ತ ಹೋಗುತ್ತವೆ. ಪ್ರತಿ ಹಂತದಲ್ಲೂ ಶಕ್ತಿ ಹೊಮ್ಮುತ್ತದೆ, ಆ ಶಕ್ತಿಯೇ ನಕ್ಷತ್ರವನ್ನು ತನ್ನ ಭಾರಕ್ಕೆ ಕುಸಿಯದಂತೆ ಎತ್ತಿ ಹಿಡಿದಿರುತ್ತದೆ. ಹೈಡ್ರೋಜನ್ನಿನ ಹಂತ ಲಕ್ಷಾಂತರ ವರ್ಷ ನಡೆದರೆ ಸಿಲಿಕಾನಿನದು ಕೆಲವೇ ದಿನ. ಕಬ್ಬಿಣದ ಹತ್ತಿರ ಬಂದಾಗ ಲೆಕ್ಕ ತಿರುಗಿಬೀಳುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ಖರ್ಚಾಗುತ್ತದೆ. ನಡುಭಾಗದಲ್ಲಿ ಕಬ್ಬಿಣ ಒಂದು ಮಿತಿ ಮೀರಿ ಕೂಡಿಕೊಂಡಾಗ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಅದು ಕುಸಿದು, ನಕ್ಷತ್ರ ಸಿಡಿಯುತ್ತದೆ. ಹಾಗೆ ಸಿಡಿದವುಗಳಿಂದ, ಬಿಳಿ ಕುಬ್ಜ ನಕ್ಷತ್ರಗಳ ಸ್ಫೋಟದಿಂದ ಚೆಲ್ಲಿದ ಕಬ್ಬಿಣವೇ ಭೂಮಿಯಲ್ಲಿರುವುದು. ಮೂಲವಸ್ತುಗಳು ನಕ್ಷತ್ರಗಳ ಒಡಲಲ್ಲಿ ತಯಾರಾಗುವ ಬಗೆಯನ್ನು ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್, ಫ್ರೆಡ್ ಹಾಯ್ಲ್ 1957ರಲ್ಲಿ ಒಟ್ಟಿಗೆ ಬರೆದು ತೋರಿಸಿದರು. ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಕೆಂಪಗೆ ಕಾಣುವ ಆರ್ದ್ರೆಗೂ ಮುಂದೊಂದು ದಿನ ಇದೇ ಗತಿ.

ಎರಡನೆಯ ಅಧ್ಯಾಯಕ್ಕೆ ಹುಡುಕಾಟವೇ ಬೇಕಾಗಲಿಲ್ಲ. ಅಪ್ಪನ ಊರು ಸಂಡೂರು. ರಜೆಗೆ ಹೋದಾಗೆಲ್ಲ ಎಲೆಗಳ ಮೇಲೆ, ಕಿಟಕಿಯ ಸರಳಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು. ಭೂಮಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕಬ್ಬಿಣ, ಅದರಲ್ಲಿ ಬಹುಪಾಲು ಭೂಮಿಯ ಗರ್ಭಕ್ಕೆ ಇಳಿದುಹೋಗಿದೆ. ಅಲ್ಲಿ ಕರಗಿ ಸುತ್ತುವ ಕಬ್ಬಿಣದಿಂದಲೇ ಭೂಮಿಗೆ ಕಾಂತಕ್ಷೇತ್ರ. ಮೇಲುಳಿದದ್ದು ಪ್ರಾಚೀನ ಸಮುದ್ರಗಳ ನೀರಿನಲ್ಲಿ ಕರಗಿಕೊಂಡಿತ್ತು. ಬರಿಗಣ್ಣಿಗೆ ಕಾಣದ ಜೀವಿಗಳು ಆಮ್ಲಜನಕ ಬಿಡತೊಡಗಿದ ಮೇಲೆ ತುಕ್ಕಾಗಿ ತಳ ಸೇರಿತು, ಪದರ ಪದರವಾಗಿ. ಸಂಡೂರಿನ ಬೆಟ್ಟಗಳ ಪಟ್ಟೆಪಟ್ಟೆ ಅದಿರು ಅಂಥ ಕಡಲ ತಳದ್ದು, 250 ಕೋಟಿ ವರ್ಷಕ್ಕೂ ಹಳೆಯದು. ಕಬ್ಬಿಣ ಎಂಬ ಪದವೂ ಹಳೆಯದೇ: ಕರಿಯ ಹೊನ್ನು ಎಂಬ ಅರ್ಥದ್ದು, ತಮಿಳಿನ ಕರುಂಪೊನ್‌ಗೆ ನಂಟು. ಥಲಸ್ಸ ಎಂದರೆ ಗ್ರೀಕಿನಲ್ಲಿ ಸಮುದ್ರ. 1925ರಲ್ಲಿ ಥಾಮಸ್ ಕೂಲಿ ಈ ಕಾಯಿಲೆಯನ್ನು ವಿವರಿಸಿದ ಮೇಲೆ, ಮೆಡಿಟರೇನಿಯನ್ ಕಡಲಿನ ಸುತ್ತಲ ಕುಟುಂಬಗಳ ಮಕ್ಕಳಲ್ಲಿ ಹೆಚ್ಚು ಕಂಡದ್ದಕ್ಕೆ ಆ ಹೆಸರು ಬಂತು.

ಮೂರನೆಯ ಅಧ್ಯಾಯ ತಮ್ಮನದು. ಹೆಸರು ಹಾಕಲಿಲ್ಲ, ಲೆಕ್ಕ ಮಾತ್ರ ಹಾಕಿದಳು. ಒಂದು ಚೀಲ ರಕ್ತದಲ್ಲಿ ಕಡಿಮೆಯೆಂದರೂ 200 ಮಿಲಿಗ್ರಾಂ ಕಬ್ಬಿಣ. ವರ್ಷಕ್ಕೆ 17 ಚೀಲ, ಅಂದರೆ 3.4 ಗ್ರಾಂ. ಆರೋಗ್ಯವಾಗಿರುವ ದೊಡ್ಡವರ ಮೈಯಲ್ಲಿ ಒಟ್ಟು ಇರುವುದೇ 3ರಿಂದ 4 ಗ್ರಾಂ. ದಿನಕ್ಕೆ ಹೊರಹೋಗುವುದು 1ರಿಂದ 2 ಮಿಲಿಗ್ರಾಂ, ಅದೂ ಉದುರುವ ಚರ್ಮ, ಕರುಳಿನ ಜೀವಕೋಶಗಳ ಜೊತೆ. ಉಳಿದದ್ದು ಲಿವರಿನಲ್ಲಿ, ಹಾರ್ಮೋನು ಗ್ರಂಥಿಗಳಲ್ಲಿ, ಕೊನೆಗೆ ಹೃದಯದಲ್ಲಿ ಕೂರುತ್ತದೆ. ಜೀವ ಉಳಿಸುವ ರಕ್ತವೇ ಹೀಗೆ ಜೀವಕ್ಕೆ ಕುತ್ತು ತರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಡೆಫೆರಾಸಿರಾಕ್ಸ್ ಮಾತ್ರೆ, ಒಂದು ಲೋಟ ನೀರಿನಲ್ಲಿ ಕದಡಿ.

ಈ ಲೆಕ್ಕ ಮುಗಿದ ವಾರವೇ ತಮ್ಮನ ಫೆರಿಟಿನ್ 3,100 ಬಂತು. ಹಿಂದಿನ ಸಲ 1,900 ಇತ್ತು. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸುವ ಮಾತಾಡಿದರು. ಎರಡು ದಿನದ ಮೇಲೆ ಗ್ಯಾಲರಿಯ ತುಳಸಿ ಕುಂಡಕ್ಕೆ ನೀರು ಹಾಕುವಾಗ ಅವಳಿಗೆ ಮಣ್ಣಿನ ಮೇಲೆ ಸುಣ್ಣದಂಥ ಬಿಳಿ ಪದರ ಕಂಡಿತು. ಅಮ್ಮನಿಗೆ ಹೇಳಲಿಲ್ಲ. ರಾತ್ರಿ ಅವನ ಪಕ್ಕ ಹೋಗಿ ಕೂತಳು.

"ಎಷ್ಟು ದಿನದಿಂದ?"

"ದೀಪಾವಳಿಯಿಂದ." ಸ್ವಲ್ಪ ಹೊತ್ತಾದ ಮೇಲೆ ಅಂದ, "ಎಲ್ರ ಮೈಯಿಂದ ಕಬ್ಬಿಣ ಹೊರಗೆ ಹೋಗತ್ತೆ, ನನಗೆ ಮಾತ್ರ ಆಗಲ್ಲ. ಕುಡಿದು ಏನು ಪ್ರಯೋಜನ ಅಕ್ಕ?"

ಇಷ್ಟು ವರ್ಷ ಅವನು ಹಾಗೇ ತಿಳಿದುಕೊಂಡಿದ್ದ. ಅವಳು ಪ್ರಾಜೆಕ್ಟಿನ ಹಾಳೆ ತಂದು ತೋರಿಸಿದಳು. ಹೆಚ್ಚಾದ ಕಬ್ಬಿಣವನ್ನು ಬೇಕೆಂದಾಗ ಹೊರಗೆ ಹಾಕುವ ದಾರಿ ಯಾವ ಮನುಷ್ಯನ ದೇಹದಲ್ಲೂ ಇಲ್ಲ. ಅಕ್ಕನಿಗೂ ಇಲ್ಲ, ಅವನ ಕ್ಲಾಸಿನ ಫುಟ್‌ಬಾಲ್ ಕ್ಯಾಪ್ಟನ್‌ಗೂ ಇಲ್ಲ. ಅವರ ಮೈಗೆ ಒಳಬರುವುದೇ ಕಡಿಮೆ, ಇವನಿಗೆ ಚೀಲದಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾದ ಕಥೆ ಹೇಳಿದಳು. ತುಕ್ಕಾದ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಆದರೆ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ಹಾಗಾಗಿ ಸ್ಟ್ರೆಪ್ಟೊಮೈಸಿಸ್ ಪಿಲೋಸಸ್ ಎಂಬುದು ಕಬ್ಬಿಣವನ್ನು ಬಿಗಿಯಾಗಿ ಹಿಡಿದು ತರುವ ವಸ್ತುವೊಂದನ್ನು ತಯಾರಿಸುತ್ತದೆ. ಅದರಿಂದಲೇ ಥಲಸ್ಸೀಮಿಯಾದ ಹಳೆಯ ಔಷಧಿ ಡೆಸ್‌ಫೆರಿಯಾಕ್ಸಮೀನ್ ಬಂದದ್ದು. ಅದನ್ನು ರಾತ್ರಿಯಿಡೀ ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿಕೊಂಡು ಪಂಪಿನಲ್ಲಿ ಬಿಡಬೇಕಿತ್ತು, ವಾರಕ್ಕೆ ಐದಾರು ರಾತ್ರಿ. ಅದೇ ಕೆಲಸವನ್ನು ಈಗ ಲೋಟದ ನೀರು ಮಾಡುತ್ತದೆ.

"ಅಂದ್ರೆ ಮಾತ್ರೆನೇ ದಾರಿ," ಎಂದ ಅವನು. ರುಚಿ ಮಾತ್ರ ಸೀಮೆಸುಣ್ಣದ ಹಾಗೇ ಇದೆ ಎಂದೂ ಸೇರಿಸಿದ. ಮರುದಿನದಿಂದ ಅವಳೂ ಅವನ ಎದುರು ಲೋಟ ಹಿಡಿದು ಬಿಸಿನೀರು ಕುಡಿಯತೊಡಗಿದಳು. ತುಳಸಿಯ ಮಣ್ಣು ಬದಲಾಯಿಸಿದ್ದು ಯಾಕೆಂದು ಅಮ್ಮ ಕೇಳಲಿಲ್ಲ.

ಕೊನೆಯ ಅಧ್ಯಾಯಕ್ಕೆ ಕಾಯಿಲೆ ಬರುವ ಬಗೆ ಬರೆಯಬೇಕಿತ್ತು. ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯ ಜೀನ್ ಇರುವುದು 11ನೆಯ ಕ್ರೋಮೋಸೋಮಿನಲ್ಲಿ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ದೋಷದ ಪ್ರತಿಯಾದರೆ ಮಾತ್ರ ಕಾಯಿಲೆ. ಒಂದೇ ಇದ್ದರೆ ವಾಹಕ, ಆರೋಗ್ಯಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಇಂಥ ಮಗುವಿನ ಆರೋಗ್ಯವಂತ ಅಕ್ಕ ವಾಹಕಳಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಮದುವೆಯಾಗುವ ಹುಡುಗಿಗೆ ಅದೆಲ್ಲ ಯಾಕೆ ಎಂದು ಅಮ್ಮ ಅಂದರೂ ಅವಳು ಪರೀಕ್ಷೆ ಮಾಡಿಸಿಕೊಂಡಳು. 3.5ಕ್ಕಿಂತ ಕೆಳಗಿರಬೇಕಾದ ಎಚ್‌ಬಿ ಎ2 ಅವಳಲ್ಲಿ 5.2 ಇತ್ತು. ವರದಿಯನ್ನು ತಮ್ಮನ ಫೈಲಿಗೆ ಸೇರಿಸಲು ಹೋದಾಗ ತಳದಲ್ಲಿ ಹದಿಮೂರು ವರ್ಷ ಹಳೆಯ ಎರಡು ಹಾಳೆ ಸಿಕ್ಕವು. ಅಮ್ಮನದು 5.4. ಅಪ್ಪನದು 5.1.

ಸಂಡೂರಿನ ಅಜ್ಜಿ ಇವತ್ತಿಗೂ ಹೇಳುವುದು ಒಂದೇ ಮಾತು. ಬಸುರಿಯಿದ್ದಾಗ ಬೇಡವೆಂದರೂ ಸೊಸೆ ಗಣಿ ಲಾರಿ ಓಡಾಡುವ ದಾರಿಯಲ್ಲಿ ತಿರುಗಿದಳು, ಆ ಕೆಂಪು ಧೂಳು ಮಗುವಿನ ರಕ್ತಕ್ಕೆ ಸೇರಿತು. ಅಪ್ಪನಿಗೆ ನಿಜ ಗೊತ್ತಿತ್ತು. ತನ್ನ ತಾಯಿಗೆ ಹೇಳಿರಲಿಲ್ಲ. ಅಮ್ಮ ಸಂಡೂರಿಗೆ ಹೋಗುವುದನ್ನು ನಿಲ್ಲಿಸಿ ಏಳು ವರ್ಷವಾಗಿತ್ತು.

ಆ ಭಾನುವಾರ ಫೋನಿನಲ್ಲಿ ಅಜ್ಜಿಗೆ ಅವಳೇ ಎಲ್ಲ ಹೇಳಿದಳು, ಮೊದಲು ತನ್ನ ವರದಿ, ಆಮೇಲೆ ಅಪ್ಪನದು. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು ಹೌದು, ಈ ಕಾಯಿಲೆ ಮಾತ್ರ ಅದರಿಂದ ಬರುವುದಿಲ್ಲ ಎಂದಳು. ಅಪ್ಪ ಪೇಪರಿನ ಹಿಂದೆ ಕೂತಿದ್ದರು, ಪುಟ ತಿರುಗಿಸಲಿಲ್ಲ.

"ಹಂಗಂದ್ರೆ ನನ್ ಕಡೆಯಿಂದ್ಲೂ ಬಂದಿರ್ಬೋದಾ?" ಎಂದರು ಅಜ್ಜಿ.

"ಬಂದಿರಬಹುದು ಅಜ್ಜಿ. ಇಲ್ಲಾಂದ್ರೆ ತಾತನ ಕಡೆಯಿಂದ. ಅದು ಯಾರ ತಪ್ಪೂ ಅಲ್ಲ."

ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಲೈನ್ ಕಡಿದುಹೋಯಿತೇನೋ ಎಂದು ಅವಳು ಎರಡು ಸಲ ಹಲೋ ಎಂದಳು.

"ಇದೀನವ್ವಾ," ಎಂದರು ಅಜ್ಜಿ. "ನಿಮ್ಮಮ್ಮನ ಕೈಗೆ ಫೋನ್ ಕೊಡು."