ತೀರ್ಥರೂಪರ ಓದು

ನಮ್ಮ ತೀರ್ಥರೂಪರು ಔರಾದ ಸೀಮೆಯವರು. ಬೀದರ ಜಿಲ್ಲೆಯು ನಿಜಾಮರ ಆಳ್ವಿಕೆಯಲ್ಲಿದ್ದಾಗ ಸರಕಾರಿ ಶಾಲೆಗಳಲ್ಲಿ ಉರ್ದುವಿಗೇ ಅಗ್ರಸ್ಥಾನ. ಆ ಕಾಲದಲ್ಲಿ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ವಾಚಕರು ಬಲ್ಲರು. ತಂದೆಯವರು ಭಾಲ್ಕಿಯಲ್ಲಿ ಕನ್ನಡವನ್ನೂ ಬೀದರದಲ್ಲಿ ಉರ್ದುವನ್ನೂ ಕಲಿತರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲವೆಂಬುದು ಅವರಿಂದ ನಾನು ಕಲಿತ ಮೊದಲ ಪಾಠ.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಹೊಲಮನೆಗಳ ಹಳೆಯ ಪತ್ರಗಳು ಉರ್ದುವಿನಲ್ಲಿಯೇ ಉಳಿದವು. ಅವನ್ನು ಅರಿವೆಯಲ್ಲಿ ಸುತ್ತಿಕೊಂಡು ರೈತರು ನಮ್ಮ ಪಡಸಾಲೆಗೆ ಬರುತ್ತಿದ್ದರು. ತಂದೆಯವರು ಓದಿ, ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ತಿಳಿಯಹೇಳುವರು, ಕಾಸು ಮುಟ್ಟರು.

ಒಮ್ಮೆ ನಮ್ಮ ಸೋದರಮಾವನಿಗೂ ನೆರೆಹೊಲದವನಿಗೂ ಬದುವಿನ ವ್ಯಾಜ್ಯವು ಹುಟ್ಟಿತು. ಪತ್ರವು ತಂದೆಯವರ ಕೈಗೆ ಬಂದಿತು. ಅದನ್ನು ಓದಬಲ್ಲವರು ಊರಿನಲ್ಲಿ ಅವರೊಬ್ಬರೇ. ಒಂದು ಸಾಲನ್ನು ನುಂಗಿದ್ದರೆ ನೆಲವು ಮಾವನದಾಗುತ್ತಿತ್ತು. ಅವರು ನುಂಗಲಿಲ್ಲ. ಮುಂದೆ ಮೂರು ವರ್ಷ ತಾಯಿಯವರಿಗೆ ತವರಿನಿಂದ ಪಂಚಮಿಯ ಕರೆ ಬರಲಿಲ್ಲ. ಆಕೆ ಕಣ್ಣೊರಸಿಕೊಂಡಾಗ ತಂದೆಯವರು ನುಡಿದದ್ದು ಇಷ್ಟೆ: “ಓದಲು ಬಾರದವನು ತನ್ನ ಕಣ್ಣನ್ನೇ ನನ್ನ ಕೈಯಲ್ಲಿಟ್ಟಿದ್ದನು.”

ಸಂಸ್ಕೃತ ಪಾಠಶಾಲೆಯಲ್ಲಿ ಸತ್ಯವನ್ನು ಕುರಿತ ಅನೇಕ ಸುಭಾಷಿತಗಳನ್ನು ನಾನು ಕಂಠಪಾಠ ಮಾಡಿದೆನು. ಅವುಗಳ ಅರ್ಥವು ತಿಳಿದದ್ದು ಮನೆಯಲ್ಲಿ. ಮುಂದೆ ಉಪಾಧ್ಯಾಯನಾಗಿ ಮಕ್ಕಳಿಗೆ ಅಕ್ಷರವನ್ನು ತಿದ್ದಿಸುವಾಗಲೆಲ್ಲ, ಓದಬಲ್ಲವನ ಹೊಣೆ ಎಂತಹುದೆಂಬುದನ್ನೂ ಹೇಳಿಕೊಟ್ಟೆನು. ಪಿತೃಋಣವನ್ನು ತೀರಿಸಲು ನನಗೆ ತಿಳಿದ ದಾರಿ ಅದೊಂದೇ.