ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ

ವಿಜಯಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಗೋಳಗುಮ್ಮಟವನ್ನು ನೋಡಲು ಬರುತ್ತಾರೆ. ಕೇಳಲು ಬರುವವರು ಕಡಿಮೆ. ಚಳಿಗಾಲದ ಒಂದು ಮುಂಜಾವು ಗದಗ ಕಡೆಯಿಂದ ಬಂದಿದ್ದ ತಂದೆ ಮಗ ಈ ಎರಡನೆಯ ಗುಂಪಿಗೆ ಸೇರಿದವರು. ತಂದೆಗೆ ಊರಲ್ಲಿ ಕಿರಾಣಿ ಅಂಗಡಿ. ಮಗ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಹೆಗಲ ಚೀಲದಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್. ಬ್ಯಾಗಿನಲ್ಲಿ ಏನಿದೆ ಎಂದು ಬಾಗಿಲಲ್ಲಿ ಕೇಳಿದ್ದಕ್ಕೆ ತಂದೆ ಕೊಟ್ಟ ಉತ್ತರ: "ಇಲ್ಲಿಂದ ಒಂದು ಚಪ್ಪಾಳಿ ಒಯ್ಯಾಕ ಬಂದೀವ್ರಿ."

ಮಾತಿನಲ್ಲಿ ಸ್ವಲ್ಪ ವ್ಯಂಗ್ಯವಿತ್ತು. ಪರೀಕ್ಷೆ ಹತ್ತಿರ ಬಂದಿರುವಾಗ ಮಗ ರಾತ್ರಿಯೆಲ್ಲಾ ಲ್ಯಾಪ್‌ಟಾಪಿನ ಮುಂದೆ ಕೂತು ಹಾಡು ತಿದ್ದುತ್ತಾನೆ ಎಂಬ ಅಸಮಾಧಾನ ಅದು. ಇಂಥ ಅಸಮಾಧಾನ ಇಂದು ಅನೇಕ ಮನೆಗಳಲ್ಲಿದೆ. ಆದರೆ ಹುಡುಗ ತಿದ್ದುತ್ತಿದ್ದದ್ದು ಸಿನಿಮಾ ಹಾಡನ್ನಲ್ಲ. ಅವನ ಅಜ್ಜಿ ಅಡುಗೆಮನೆಯಲ್ಲಿ ಕೂತು ಬೀಸುವಾಗ ಹಾಡಿದ್ದ ಒಂದು ಪದವನ್ನು ಅವನು ಮೂರು ವರ್ಷಗಳ ಹಿಂದೆ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಈಗ ಆಕೆ ಇಲ್ಲ. ಉಳಿದಿರುವುದು ಎರಡು ನಿಮಿಷದ ಆ ದನಿ ಮಾತ್ರ.

ಆ ದನಿಗೆ ಮೆರುಗು ಕೊಡಲು ಹೊರಟಾಗ ಹುಡುಗನಿಗೆ ಆಡಿಯೊ ಎಫೆಕ್ಟ್ ಪ್ಲಗ್-ಇನ್‌ಗಳ ಪರಿಚಯವಾಯಿತು. ಪ್ಲಗ್-ಇನ್ ಎಂದರೆ ಧ್ವನಿಮುದ್ರಣದ ದೊಡ್ಡ ತಂತ್ರಾಂಶದೊಳಗೆ ಸಿಕ್ಕಿಸಿಕೊಳ್ಳುವ ಪುಟ್ಟ ತಂತ್ರಾಂಶ. ಮಿಕ್ಸರಿಗೆ ಬೇರೆ ಬೇರೆ ಪಾತ್ರೆ ಸಿಕ್ಕಿಸಿ ಒಮ್ಮೆ ಚಟ್ನಿ, ಒಮ್ಮೆ ಹಿಟ್ಟು ಮಾಡಿಕೊಂಡ ಹಾಗೆ. ಒಂದು ಪ್ಲಗ್-ಇನ್ ದನಿಯ ಗಡಸನ್ನು ತಿದ್ದಿದರೆ ಇನ್ನೊಂದು ಏರಿಳಿತವನ್ನು ಹದಕ್ಕೆ ತರುತ್ತದೆ. ಮತ್ತೊಂದು ದನಿಯನ್ನೇ ಎತ್ತಿಕೊಂಡು ಹೋಗಿ ಬೇರೊಂದು ಜಾಗದಲ್ಲಿ ಕೂಡಿಸುತ್ತದೆ. ಈ ಕೊನೆಯದರ ಹೆಸರು ರಿವರ್ಬ್. ಪಠ್ಯಪುಸ್ತಕದಲ್ಲಿ ಅನುರಣನೆ ಎಂದು ಓದಿದ್ದು ಇದನ್ನೇ. ಹುಡುಗ ತೆರೆದ ಪ್ಲಗ್-ಇನ್‌ನಲ್ಲಿ ಹಾಲ್, ಚೇಂಬರ್, ಪ್ಲೇಟ್, ಕ್ಯಾಥೆಡ್ರಲ್ ಎಂದು ಸಾಲು ಸಾಲು ಹೆಸರುಗಳಿದ್ದವು. ಅವನಿಗೆ ಹೊಳೆದ ಪ್ರಶ್ನೆ ಒಂದೇ. ಈ ಪಟ್ಟಿಯಲ್ಲಿ ನಮ್ಮ ಗುಮ್ಮಟ ಯಾಕಿಲ್ಲ?

ಆ ಹೆಸರುಗಳೆಲ್ಲ ನಿಜವಾದ ಜಾಗಗಳಿಂದ, ನಿಜವಾದ ವಸ್ತುಗಳಿಂದ ಬಂದವು. 1947ರಲ್ಲಿ ಶಿಕಾಗೋದ ಬಿಲ್ ಪಟ್ನಮ್ ಎಂಬ ಧ್ವನಿ ಎಂಜಿನಿಯರ್ ಹಾರ್ಮೋನಿಕಾ ವಾದ್ಯಗಾರರ ಒಂದು ಹಾಡಿಗೆ ಸ್ಟುಡಿಯೊದ ಬಚ್ಚಲುಮನೆಯ ಅನುರಣನೆಯನ್ನು ಬೆರೆಸಿ ಹೆಸರು ಮಾಡಿದ. ಬಚ್ಚಲಲ್ಲಿ ಹಾಡಿದರೆ ಎಲ್ಲರ ದನಿಯೂ ಚೆನ್ನಾಗಿ ಕೇಳುತ್ತದೆಂಬುದು ಮನೆಮನೆಯ ಅನುಭವ. ಪಟ್ನಮ್ ಅದನ್ನು ಕಸುಬಾಗಿಸಿದ. 1957ರಲ್ಲಿ ಜರ್ಮನಿಯ ಇಎಂಟಿ ಕಂಪೆನಿ ದೊಡ್ಡ ಉಕ್ಕಿನ ತಗಡನ್ನು ಚೌಕಟ್ಟಿಗೆ ತೂಗುಹಾಕಿ, ಅದರ ಕಂಪನದಿಂದ ಅನುರಣನೆ ಹುಟ್ಟಿಸಿತು. ಪ್ಲೇಟ್ ಎಂಬ ಹೆಸರು ಅಲ್ಲಿಂದ ಬಂತು. ಆ ಯಂತ್ರ ಎರಡೂವರೆ ಕ್ವಿಂಟಲಿಗೂ ಹೆಚ್ಚು ಭಾರ. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮನ್‌ಫ್ರೆಡ್ ಶ್ರೋಡರ್ ಇದನ್ನೆಲ್ಲ ಬರೇ ಲೆಕ್ಕದಿಂದಲೇ ಮಾಡಬಹುದೆಂದು ತೋರಿಸಿದ. ಆ ಲೆಕ್ಕ ಮನೆಯ ಕಂಪ್ಯೂಟರಿಗೆ ಬಂದು ಸೇರಲು ಮೂರು ದಶಕಗಳು ಬೇಕಾದವು. 1996ರಲ್ಲಿ ಸ್ಟೈನ್‌ಬರ್ಗ್ ಕಂಪೆನಿ ವಿಎಸ್‌ಟಿ ಎಂಬ ಪದ್ಧತಿಯನ್ನು ಹೊರತಂದ ಮೇಲೆ ಯಾರು ಬೇಕಾದರೂ ಪ್ಲಗ್-ಇನ್ ಬರೆಯಬಹುದು, ಯಾರು ಬೇಕಾದರೂ ಸಿಕ್ಕಿಸಿಕೊಳ್ಳಬಹುದು ಎಂಬ ಸ್ಥಿತಿ ಬಂತು.

ಗುಮ್ಮಟದ ಮುಂದಿರುವ ಕಟ್ಟಡ ನಗಾರಖಾನೆ. ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಆ ಜಾಗದಲ್ಲಿ ಈಗ ವಸ್ತು ಸಂಗ್ರಹಾಲಯವಿದೆ. ಅದನ್ನು ದಾಟಿದರೆ ಮಹಮ್ಮದ್ ಆದಿಲ್ ಶಾಹನ ಸಮಾಧಿ. 1627ರಿಂದ 1656ರವರೆಗೆ ಆಳಿದ ಸುಲ್ತಾನ ಬದುಕಿರುವಾಗಲೇ ಕಟ್ಟಿಸತೊಡಗಿದ್ದು. ಹೊರಗಿನಿಂದ ಪ್ರತಿ ಬದಿಯೂ ಸುಮಾರು 47 ಮೀಟರ್ ಇರುವ ಘನಾಕೃತಿ, ಅದರ ಮೇಲೆ ಬೋರಲು ಹಾಕಿದ ಬಟ್ಟಲಿನಂತೆ ಗುಮ್ಮಟ. ಒಳಗೆ ಒಂದೇ ಒಂದು ಕಂಬವಿಲ್ಲ. ಒಂದರೊಳಗೊಂದು ಹೆಣೆದುಕೊಂಡ ಎಂಟು ಕಮಾನುಗಳು ಚೌಕವನ್ನು ಮೆಲ್ಲನೆ ವೃತ್ತವಾಗಿಸುತ್ತವೆ. ರೇಖಾಗಣಿತ ಕಲಿಯುವ ಮಕ್ಕಳು ಇಲ್ಲಿ ಕತ್ತೆತ್ತಿ ಐದು ನಿಮಿಷ ನಿಲ್ಲುವುದು ಒಳ್ಳೆಯದು.

ಮೇಲೇರಲು ಮೂಲೆಯ ಏಳಂತಸ್ತಿನ ಗೋಪುರಗಳಲ್ಲಿ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲುಗಳಿವೆ. ತಂದೆ ಎರಡು ಕಡೆ ಕೂತು ದಣಿವಾರಿಸಿಕೊಂಡರು. ಎರಡನೆಯ ಸಲ ಕೂತಾಗ ಅವರೇ ಹೇಳಿದರು: "ಅವ್ವಗ ಇಲ್ಲಿ ಕರ್ಕೊಂಡ್ ಬರ್ತೀನಿ ಅಂದಿದ್ದೆ. ಪ್ರತಿ ವರ್ಷ ಅಂಗಡಿ ಅಡ್ಡ ಬಂತು." ಮಗ ಏನೂ ಹೇಳಲಿಲ್ಲ.

ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ, ಗುಮ್ಮಟದ ಒಳಸುತ್ತಿನಲ್ಲಿ, 11 ಅಡಿ ಅಗಲದ ಮೊಗಸಾಲೆಯಿದೆ. ಇಲ್ಲಿ ಗೋಡೆಯಿಂದ ಗೋಡೆಗೆ 38 ಮೀಟರ್. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ತಡೆ ಕನಿಷ್ಠ 17 ಮೀಟರ್ ದೂರದಲ್ಲಿರಬೇಕು ಎಂದು ಪ್ರೌಢಶಾಲೆಯ ಪುಸ್ತಕ ಹೇಳುತ್ತದೆ. ಇಲ್ಲಿ ಅದರ ಎರಡರಷ್ಟಕ್ಕಿಂತಲೂ ಹೆಚ್ಚಿದೆ. ಚಪ್ಪಾಳೆಯ ಸದ್ದು ಎದುರಿನ ಗೋಡೆಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ 345 ಮೀಟರ್ ವೇಗದಲ್ಲಿ 0.22 ಸೆಕೆಂಡು ಹಿಡಿಯುತ್ತದೆ. ಬಂದದ್ದು ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಏಳು ಸಲ ಎನ್ನುವವರಿದ್ದಾರೆ, ಹತ್ತು ಎನ್ನುವವರೂ ಇದ್ದಾರೆ. ಎಷ್ಟು ಎಣಿಸಲಾಗುತ್ತದೆ ಎಂಬುದು ಆ ಹೊತ್ತಿಗೆ ಅಕ್ಕಪಕ್ಕದವರು ಎಷ್ಟು ಸುಮ್ಮನಿದ್ದಾರೆ ಎಂಬುದನ್ನೇ ಅವಲಂಬಿಸಿದೆ.

ಡಿಲೇ ಎಂಬ ಪ್ಲಗ್-ಇನ್ ಮಾಡುವುದು ಈ ಕೆಲಸವನ್ನೇ. ಅದರಲ್ಲಿ ಮುಖ್ಯವಾಗಿ ಎರಡು ತಿರುಪುಗಳು. ಸಮಯದ ತಿರುಪನ್ನು 220 ಮಿಲಿಸೆಕೆಂಡಿಗೆ ಇಟ್ಟರೆ ಗುಮ್ಮಟದ ಅಗಲ ಬಂತು. ಫೀಡ್‌ಬ್ಯಾಕ್ ಎಂಬ ಇನ್ನೊಂದು ತಿರುಪು, ಪ್ರತಿ ಸಲವೂ ಹಿಂದಿನದರ ಎಷ್ಟು ಪಾಲು ಮರಳಬೇಕು ಎಂದು ಹೇಳುತ್ತದೆ. ಅದನ್ನು ಶೇಕಡಾ 70ಕ್ಕೆ ಇಟ್ಟರೆ ಏಳನೆಯ ಮರಳುವಿಕೆಗೆ ನೂರರಲ್ಲಿ ಎಂಟು ಪಾಲು ಉಳಿದಿರುತ್ತದೆ. ಮದುವೆಯ ಆರ್ಕೆಸ್ಟ್ರಾಗಳಲ್ಲಿ ಈ ತಿರುಪನ್ನು ಕೊನೆಯವರೆಗೂ ತಿರುಗಿಸಿ "ಹಲೋ ಹಲೋ" ಎನ್ನುವವರು ಗುಮ್ಮಟಕ್ಕೆ ಒಮ್ಮೆ ಬಂದು ಹೋದರೆ ಊರವರ ಕಿವಿ ಉಳಿದೀತು.

ಮೊಗಸಾಲೆಯ ಇನ್ನೊಂದು ವಿಶೇಷ ಪಿಸುಮಾತು. ಗೋಡೆಗೆ ಮುಖ ಹಚ್ಚಿ ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ಸದ್ದು ನೇರವಾಗಿ ಹಾರುವುದಿಲ್ಲ, ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸುಮಾರು 60 ಮೀಟರ್ ಹರಿದುಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಮೊಗಸಾಲೆಗೆ ಲಾರ್ಡ್ ರೇಲಿ ಕೊಟ್ಟ ವಿವರಣೆ ಇದು. 1921ರಲ್ಲಿ ಸಿ.ವಿ. ರಾಮನ್ ಅವರು ಸದರ್‌ಲೆಂಡ್ ಎಂಬವರೊಡನೆ ಅದೇ ಚರ್ಚಿನಲ್ಲಿ ಪ್ರಯೋಗ ನಡೆಸಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಳಕಿಗೆ ನೊಬೆಲ್ ಪಡೆದ ರಾಮನ್ ಅದಕ್ಕೆ ಮೊದಲು ಬಹುಕಾಲ ಸದ್ದಿನ ಬೆನ್ನುಹತ್ತಿದ್ದರು ಎಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದಿರುವುದಿಲ್ಲ.

ಅಷ್ಟರಲ್ಲಿ ಒಂದು ಶಾಲೆಯ ಪ್ರವಾಸದ ತಂಡ ಮೇಲೆ ಬಂತು. ಬಂದ ಮಕ್ಕಳೆಲ್ಲ ಒಟ್ಟಿಗೇ ಕೂಗಿದರು. ಮಕ್ಕಳನ್ನು ಸುಮ್ಮನಿರಿಸಬೇಕಾದವರೂ ಕೂಗಿದರು. ಹುಡುಗ ಮೊಬೈಲನ್ನು ಕಟ್ಟೆಯ ಮೇಲಿಟ್ಟು ನಾಲ್ಕು ಸಲ ಚಪ್ಪಾಳೆ ತಟ್ಟಿದ. ನಾಲ್ಕೂ ಸಲ ಅದು ಕೂಗಿನಲ್ಲಿ ಮುಳುಗಿಹೋಯಿತು. ಕೊನೆಗೆ ಕಾವಲುಗಾರರೇ ಹತ್ತಿರ ಬಂದು ವಿಚಾರಿಸಿದರು. ಸಂಗತಿ ತಿಳಿದ ಮೇಲೆ ಅವರು ಮಕ್ಕಳ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ, ಹೇಳಿದರು: "ಒಂದ್ ಗಳಿಗಿ... ಯಾರೂ... ಮಾತಾಡಬ್ಯಾಡ್ರಿ." ವರ್ಷಗಟ್ಟಲೆ ಗುಮ್ಮಟದೊಳಗೆ ನಿಂತವರಿಗೆ ಅಲ್ಲಿ ಹೇಗೆ ಮಾತಾಡಬೇಕೆಂದು ಗೊತ್ತು.

ಮಕ್ಕಳು ಉಸಿರು ಬಿಗಿಹಿಡಿದು ನಿಂತರು. ಹುಡುಗ ಒಂದೇ ಒಂದು ಚಪ್ಪಾಳೆ ತಟ್ಟಿದ. ಅದು ಎದುರಿನಿಂದ ಬಂತು, ಮತ್ತೆ ಬಂತು, ಮತ್ತೆ ಬಂತು, ಸಣ್ಣಗಾಗುತ್ತಾ ಮೇಲಿನ ಕತ್ತಲಲ್ಲಿ ಕರಗಿತು. ಆ ಮೇಲೆ ಒಂದೆರಡು ಕ್ಷಣ ಯಾರೂ ಕೂಗಲಿಲ್ಲ.

1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲೆಸ್ ಸಬೀನ್ ಎಂಬ ಯುವ ಅಧ್ಯಾಪಕನಿಗೂ ಇದೇ ಪೇಚು. ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿದ್ದ ಉಪನ್ಯಾಸದ ಕೋಣೆಯೊಂದನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಹಗಲು ಗದ್ದಲವೆಂದು ರಾತ್ರಿಗಳಲ್ಲಿ ಆರ್ಗನ್ ಕೊಳವೆ ಊದಿ, ಸದ್ದು ಅಡಗುವವರೆಗಿನ ಕಾಲವನ್ನು ಅಳೆದ. ಕುರ್ಚಿಯ ದಿಂಬುಗಳನ್ನು ತಂದಿಟ್ಟು ಮತ್ತೆ ಅಳೆದ. ಇಂದು ರಿವರ್ಬ್ ಪ್ಲಗ್-ಇನ್‌ನಲ್ಲಿ ಡಿಕೇ ಎಂದು ಬರೆದಿರುವ ತಿರುಪು ಆ ರಾತ್ರಿಗಳ ಫಲ.

ಚಪ್ಪಾಳೆ ತೆಗೆದುಕೊಂಡು ಏನು ಮಾಡುವುದು? ಚಪ್ಪಾಳೆಯೆಂದರೆ ಕ್ಷಣಮಾತ್ರದ ಸದ್ದು. ಅದರ ಹಿಂದೆ ಉಳಿಯುವ ಬಾಲವೆಲ್ಲ ಜಾಗದ್ದು. ಅಜ್ಜಿಯ ದನಿಯನ್ನು ಕಂಪ್ಯೂಟರ್ ಸೆಕೆಂಡಿಗೆ 44,100 ಚೂರುಗಳಾಗಿ ಬರೆದಿಟ್ಟಿರುತ್ತದೆ. ಆ ಪ್ರತಿಯೊಂದು ಚೂರನ್ನೂ ಒಂದು ಪುಟ್ಟ ಚಪ್ಪಾಳೆ ಎಂದು ಭಾವಿಸಿ, ಪ್ರತಿಯೊಂದಕ್ಕೂ ಗುಮ್ಮಟದ ಪೂರ್ತಿ ಬಾಲವನ್ನು ಕಟ್ಟಿ, ಎಲ್ಲವನ್ನೂ ಕೂಡಿದರೆ ಆಕೆ ಗುಮ್ಮಟದಲ್ಲೇ ಹಾಡಿದಂತೆ ಕೇಳುತ್ತದೆ. ಇದಕ್ಕೆ ಕನ್ವಲ್ಯೂಷನ್ ರಿವರ್ಬ್ ಎಂದು ಹೆಸರು. ಬಾಲ ಐದು ಸೆಕೆಂಡಿನದಾದರೆ ಪ್ರತಿ ಸೆಕೆಂಡಿಗೆ ಸುಮಾರು 970 ಕೋಟಿ ಗುಣಾಕಾರ! ಫೊರಿಯರ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಒಂದು ಒಳದಾರಿ ಇರುವುದರಿಂದ ಸಾಧಾರಣ ಲ್ಯಾಪ್‌ಟಾಪೂ ಇದನ್ನು ಮಾಡಿಬಿಡುತ್ತದೆ.

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2010ರಲ್ಲಿ ಬಲೂನುಗಳನ್ನು ಒಡೆದು ಹೀಗೆಯೇ ಆ ಜಾಗದ ಬಾಲವನ್ನು ಹಿಡಿದರು. ಹಾಡಲು ಅನುಮತಿಯಿಲ್ಲದ ಆ ಕಟ್ಟಡದ ನಾದದಲ್ಲಿ ಕಪೆಲ್ಲಾ ರೊಮಾನಾ ಗಾಯಕವೃಂದ ಅಮೆರಿಕದಲ್ಲಿದ್ದುಕೊಂಡೇ ಹಾಡಿತು. 2019ರಲ್ಲಿ ಅದರ ಧ್ವನಿಮುದ್ರಿಕೆಯೂ ಬಂತು. ಬಲೂನಿನಲ್ಲಿ ತಗ್ಗಿನ ಸ್ವರಗಳು ಚಪ್ಪಾಳೆಗಿಂತ ಚೆನ್ನಾಗಿ ಸಿಗುತ್ತವೆ ನಿಜ. ಆದರೆ ಸಂರಕ್ಷಿತ ಸ್ಮಾರಕದಲ್ಲಿ, ಜನರ ನಡುವೆ ಬಲೂನು ಒಡೆಯುವ ಸಾಹಸ ಬೇಡ. ಸ್ಟ್ಯಾಂಡು, ಮೈಕು ನಿಲ್ಲಿಸುವವರು ಪುರಾತತ್ವ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಮೊಬೈಲಿನಲ್ಲಿ ಹಿಡಿಯುವವರು ಗದ್ದಲ ಕಳೆಯುವ ಸೌಲಭ್ಯವನ್ನು ಮೊದಲು ಮುಚ್ಚಬೇಕು. ಇಲ್ಲವಾದರೆ ಅದು ಗುಮ್ಮಟದ ಬಾಲವನ್ನೇ ಗದ್ದಲವೆಂದು ತಿಳಿದು ಕತ್ತರಿಸುತ್ತದೆ.

ಮಧ್ಯಾಹ್ನ ತಂದೆ ಮಗ ಬಾರಾ ಕಮಾನಿನ ನೆರಳಲ್ಲಿ ಕೂತರು. ಎರಡನೆಯ ಅಲಿ ಆದಿಲ್ ಶಾಹ ಗುಮ್ಮಟವನ್ನೂ ಮೀರಿಸಬೇಕೆಂದು ಆರಂಭಿಸಿ ಅರ್ಧಕ್ಕೇ ನಿಂತ ಸಮಾಧಿ ಅದು. ಕಮಾನುಗಳಿವೆ, ಮೇಲೆ ಬರೀ ಆಕಾಶ. ಇಲ್ಲಿ ಚಪ್ಪಾಳೆ ತಟ್ಟಿದರೆ ಅಲ್ಲಿಗೇ ಮುಗಿಯಿತು. ಧ್ವನಿಯವರ ಭಾಷೆಯಲ್ಲಿ ಗುಮ್ಮಟ ಒದ್ದೆ, ಬಾರಾ ಕಮಾನು ಒಣ. ಪ್ಲಗ್-ಇನ್‌ಗಳ ಮೇಲೆ ವೆಟ್, ಡ್ರೈ ಎಂದಿರುವುದು ಇದಕ್ಕೇ. ಒದ್ದೆಯನ್ನು ಒಣಗಿಸುವುದು ಕಷ್ಟ, ಒಣಗಿದ್ದನ್ನು ಒದ್ದೆ ಮಾಡುವುದು ಸುಲಭ. ಆದ್ದರಿಂದಲೇ ಸ್ಟುಡಿಯೊಗಳ ಗೋಡೆಗೆ ಮೆತ್ತೆ ಹೊಡೆದಿರುತ್ತಾರೆ.

ಹುಡುಗ ಮೊದಲು ಈಕ್ವಲೈಜರಿನಿಂದ ಬೀಸುಕಲ್ಲಿನ ಅತಿ ತಗ್ಗಿನ ಗುಡುಗನ್ನು ಕೊಂಚ ಕಡಿಮೆ ಮಾಡಿದ. ಕಂಪ್ರೆಸರಿನಿಂದ ದನಿಯ ಏರಿಳಿತವನ್ನು ಸ್ವಲ್ಪ ಹದಕ್ಕೆ ತಂದ. ಇವೆರಡನ್ನೂ ಅವನು ಉಚಿತವಾಗಿ ಸಿಗುವ ಆಡಾಸಿಟಿಯಲ್ಲೇ ಕಲಿತದ್ದು. ಕನ್ವಲ್ಯೂಷನ್ ಪ್ಲಗ್-ಇನ್‌ಗಳಲ್ಲೂ ಬೆಲೆಯಿಲ್ಲದವು ಸಿಗುತ್ತವೆ. ದುಬಾರಿ ಪೊಟ್ಟಣಗಳಿಗೆ ಹಣ ಕೊಡುವ ಮೊದಲು ಪೋಷಕರು ಇದನ್ನು ತಿಳಿದಿರಬೇಕು. ಒಂದು ಒಳ್ಳೆಯ ಹೆಡ್‌ಫೋನಿಗೆ ಖರ್ಚು ಮಾಡಿದರೆ ಅಷ್ಟೇ ಸಾಕು. ಕೊನೆಗೆ ಆ ಬೆಳಗಿನ ಚಪ್ಪಾಳೆಯನ್ನು ರಿವರ್ಬಿಗೆ ಉಣಿಸಿ, ಅಜ್ಜಿಯನ್ನು ಗುಮ್ಮಟದಲ್ಲಿ ಕೂಡಿಸಿ, ಹೆಡ್‌ಫೋನನ್ನು ತಂದೆಯ ಕಿವಿಗೆ ಏರಿಸಿದ.

ತಂದೆ ಅರ್ಧ ನಿಮಿಷ ಕೇಳಿ ಮುಖ ಗಂಟಿಕ್ಕಿದರು. "ಅವ್ವ ಏನ್ ಹಾಡತಾಳ, ಒಂದೂ ತಿಳೀವಲ್ದಲ್ಲೋ."

ಅವರು ಹೇಳಿದ್ದು ಸರಿಯಾಗಿತ್ತು. ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಬರುತ್ತವೆ. ಗುಮ್ಮಟದ ಪ್ರತಿಧ್ವನಿ 0.22 ಸೆಕೆಂಡಿಗೆ ಮರಳುತ್ತದೆ. ಅಂದರೆ ಒಂದಕ್ಷರ ತಿರುಗಿ ಬರುವ ಹೊತ್ತಿಗೆ ಸರಿಯಾಗಿ ಮುಂದಿನ ಅಕ್ಷರ ಬಾಯಿಂದ ಹೊರಡುತ್ತಿರುತ್ತದೆ. ಕಾವಲುಗಾರರು ಪದ ಬಿಡಿಸಿ ಮಾತಾಡಿದ್ದು ಯಾಕೆಂದು ಹುಡುಗನಿಗೆ ಆಗ ಹೊಳೆಯಿತು.

ಒದ್ದೆಯ ತಿರುಪನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದ. ಮಾತು ತಿಳಿಯತೊಡಗಿತು, ಆದರೆ ಗುಮ್ಮಟ ಮಾಯವಾಯಿತು. ಪೂರ್ತಿ ತೆಗೆದು ನೋಡಿದ. ಆಗ ಮೊದಲ ಸಲ ಅವನ ಗಮನಕ್ಕೆ ಬಂದದ್ದು, ಮೊಬೈಲಿನ ಆ ಮುದ್ರಣ ಪೂರ್ತಿ ಒಣದ್ದಲ್ಲ. ಅದರಲ್ಲಿ ಅಡುಗೆಮನೆಯೇ ಇತ್ತು. ತಗ್ಗಾದ ಜಂತಿ, ಗೋಡೆಯ ಪಕ್ಕದ ಹಿತ್ತಾಳೆ ಕೊಡ, ಎಲ್ಲವೂ ತಮ್ಮ ಪಾಲಿನ ಸಣ್ಣ ಅನುರಣನೆ ಸೇರಿಸಿದ್ದವು. ಅವನು ಹಾಡನ್ನು ಅಲ್ಲೇ ಬಿಟ್ಟ. ಕೊನೆಯಲ್ಲಿ ಅಜ್ಜಿ ಕಲ್ಲು ನಿಲ್ಲಿಸಿ ಎಳೆಯುವ ಒಂದೇ ಒಂದು ಪದವನ್ನು ಮಾತ್ರ ರಿವರ್ಬಿನ ದಾರಿಗೆ ಕಳಿಸಿದ.

"ಅಪ್ಪಾ, ಈಗ ಕೇಳು."

ಎರಡು ನಿಮಿಷ ಬೀಸುಕಲ್ಲು ತಿರುಗಿತು. ಕಲ್ಲು ನಿಂತಿತು. ಕೊನೆಯ ಪದ ಅಡುಗೆಮನೆಯಿಂದ ಹೊರಟು ಗುಮ್ಮಟವನ್ನು ಸುತ್ತಿ ಸುತ್ತಿ ಅಡಗಿತು. ತಂದೆ ಹೆಡ್‌ಫೋನ್ ತೆಗೆಯಲಿಲ್ಲ. ಇಬ್ರಾಹಿಂ ರೋಜಾಕ್ಕೆ ಹೋಗಬೇಕೆಂದು ಗೊತ್ತುಮಾಡಿದ್ದ ಟಾಂಗಾದವನು ಹೊರಗಿನಿಂದ ಎರಡು ಸಲ ಕರೆದ. ಹಾಡುಗಳನ್ನು ಕಟ್ಟಿ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಮಲಗಿರುವುದು ಅಲ್ಲಿ.

"ನಿಂದರ್ಲಿ ತಡಿ," ಎಂದರು ತಂದೆ. "ಇನ್ನೊಮ್ಮೆ ಹಚ್ಚು."